ದೂರಕ್ಕೆ ತಕ್ಕ ಹೊರೆ: ಪ್ರಾದೇಶಿಕ ಆಪ್ಟಿಕಲ್ ಜಾಲಗಳಲ್ಲಿ ಫ್ಲೆಕ್ಸಿಬಲ್ ಟ್ರಾನ್ಸ್‌ಪಾಂಡರ್‌ಗಳ ಖರ್ಚು ಮತ್ತು ಉಳಿತಾಯ

ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಟ್ರಾನ್ಸ್‌ಮಿಷನ್ ವಿಭಾಗಗಳಲ್ಲಿ ದುಡಿಯುವ ಕೆಲವು ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಗೆಳೆಯರೇ,

ಮಂಡ್ಯದ ಕಡೆಯಿಂದ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಗೆ ಎರಡು ಮೂರು ಮೈಲಿ ದೂರದಲ್ಲಿರುವ ರೈತ ತನ್ನ ಗಾಡಿಗೆ ಎಷ್ಟು ಹೇರುತ್ತಾನೆ, ಹದಿನೈದು ಮೈಲಿ ದೂರದಿಂದ ಬರುವವನು ಅದೇ ಗಾಡಿಗೆ ಎಷ್ಟು ಹೇರುತ್ತಾನೆ ಎಂಬುದನ್ನು ನೀವು ಕಣ್ಣಾರೆ ಕಂಡವರು. ಎತ್ತು ಅದೇ, ಗಾಡಿ ಅದೇ, ಆದರೆ ಹೊರೆ ಬೇರೆ. ದೂರ ನೋಡಿ ಹೊರೆ ಹೇರಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಆಪ್ಟಿಕಲ್ ಜಾಲಗಳಲ್ಲಿ, ಅಂದರೆ ಫೈಬರಿನೊಳಗೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಜಾಲಗಳಲ್ಲಿ, ಮಾತ್ರ ಬಹಳ ಕಾಲ ಈ ತಿಳಿವಳಿಕೆಗೆ ಜಾಗವಿರಲಿಲ್ಲ. ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೋಮೀಟರ್ ಹೋಗುವ ಬೆಳಕಿಗೂ, ಕಲಬುರಗಿಗೆ 750 ಕಿಲೋಮೀಟರ್ ಹೋಗುವ ಬೆಳಕಿಗೂ ತುದಿಯಲ್ಲಿ ಬೆಳಕು ಕಳಿಸುವ ಒಂದೇ ಬಗೆಯ ಕಾರ್ಡು ಹಾಕಿ, ಒಂದೇ ಹೊರೆ, ಅಂದರೆ ಅಷ್ಟೇ ಮಾಹಿತಿ, ಹೊರಿಸುತ್ತಿದ್ದೆವು. ದೂರದ ದಾರಿಗೆ ಎಷ್ಟು ಸಾಧ್ಯವೋ ಅಷ್ಟೇ ಹತ್ತಿರದ ದಾರಿಗೂ ಸಿಗುತ್ತಿತ್ತು.

ಹೊರೆಯನ್ನು ಬದಲಿಸಬಲ್ಲ ಕಾರ್ಡುಗಳು, ಅಂದರೆ ಫ್ಲೆಕ್ಸಿಬಲ್ ಟ್ರಾನ್ಸ್‌ಪಾಂಡರ್‌ಗಳು, ಈಗ ಸಾಮಾನ್ಯವಾಗಿವೆ. ಅವುಗಳ ತಂತ್ರಜ್ಞಾನದ ಬಗ್ಗೆ ನಿಮ್ಮ ಪಠ್ಯಗಳಲ್ಲಿ ಇದೆ. ಅವುಗಳಿಂದ ಹಣ ಉಳಿಯುತ್ತದೆಯೇ, ಉಳಿದರೆ ಎಲ್ಲಿ ಉಳಿಯುತ್ತದೆ ಎಂಬುದು ಪಠ್ಯದಲ್ಲಿ ಇಲ್ಲ. ಇಂದು ನಾನು ಹೇಳಹೊರಟಿರುವುದು ಅದನ್ನೇ. ನನ್ನ ತಿಳಿವಿನ ಮಟ್ಟಿಗೆ, ನಗರದೊಳಗಿನ ಸಣ್ಣ ಜಾಲಕ್ಕಿಂತಲೂ ದೇಶದ ಉದ್ದಗಲಕ್ಕೆ ಹರಡಿದ ದೊಡ್ಡ ಜಾಲಕ್ಕಿಂತಲೂ ಹೆಚ್ಚಾಗಿ, ಒಂದು ರಾಜ್ಯದಷ್ಟು ಹರವಿನ ಪ್ರಾದೇಶಿಕ ಜಾಲದಲ್ಲಿ ಈ ಕಾರ್ಡುಗಳು ತಮ್ಮ ಬೆಲೆಯನ್ನು ದುಡಿದು ಕೊಡುತ್ತವೆ. ಆದರೆ ಆ ದುಡಿಮೆ ನಾವು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ ಇರುವುದಿಲ್ಲ.

ಮೊದಲು ದೂರ ಮತ್ತು ಹೊರೆಯ ಸಂಬಂಧವನ್ನು ಅಂಕಿಗಳಲ್ಲಿ ನೋಡೋಣ. ಟ್ರಾನ್ಸ್‌ಪಾಂಡರ್ ಎಂದರೆ ರೌಟರಿನಿಂದ ಬರುವ ಸಾಧಾರಣ ಬೆಳಕಿನ ಸಂಕೇತವನ್ನು ತೆಗೆದುಕೊಂಡು, ದೂರ ಸಾಗಬಲ್ಲ, ನಿರ್ದಿಷ್ಟ ತರಂಗಾಂತರದ ಬೆಳಕಿಗೆ ಏರಿಸಿ ಫೈಬರಿಗೆ ಬಿಡುವ ಸಾಧನ. ಆ ಬೆಳಕಿನ ಪ್ರತಿಯೊಂದು ಸಂಕೇತ, ಅಂದರೆ ಸಿಂಬಲ್, ಎಷ್ಟು ಬಿಟ್‌ಗಳನ್ನು ಹೊರುತ್ತದೆ ಎಂಬುದನ್ನು ಮಾಡ್ಯುಲೇಷನ್ ನಿರ್ಧರಿಸುತ್ತದೆ. ಅದರ ಬಗೆಗಳಲ್ಲಿ ಕ್ಯೂಪಿಎಸ್‌ಕೆ 2 ಬಿಟ್, 8 ಕ್ವಾಮ್ 3 ಬಿಟ್, 16 ಕ್ವಾಮ್ 4 ಬಿಟ್, 64 ಕ್ವಾಮ್ 6 ಬಿಟ್. ಬೆಳಕಿಗೆ ಎರಡು ಧ್ರುವೀಕರಣಗಳಿರುವುದರಿಂದ ಇವೆಲ್ಲವೂ ಎರಡು ಪಟ್ಟಾಗುತ್ತವೆ. ಸುಮಾರು 32 ಗಿಗಾಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 3,200 ಕೋಟಿ ಸಿಂಬಲ್‌ಗಳಂತೆ, ಓಡುವ ಕಾರ್ಡು, ದೋಷ ತಿದ್ದುವ ಸಂಕೇತಗಳಿಗೆ ಕೊಡಬೇಕಾದ ಪಾಲನ್ನು ಕಳೆದು, ಕ್ಯೂಪಿಎಸ್‌ಕೆಯಲ್ಲಿ 100, 8 ಕ್ವಾಮ್‌ನಲ್ಲಿ 150, 16 ಕ್ವಾಮ್‌ನಲ್ಲಿ 200 ಗಿಗಾಬಿಟ್ ಕೊಡುತ್ತದೆ.

ಹೊರೆ ಹೆಚ್ಚಿದಂತೆ ಸಂಕೇತಗಳ ನಡುವಿನ ಅಂತರ ಕಿರಿದಾಗಿ, ಗದ್ದಲದಲ್ಲಿ ಒಂದನ್ನು ಇನ್ನೊಂದೆಂದು ತಪ್ಪಾಗಿ ಓದುವ ಸಂಭವ ಹೆಚ್ಚುತ್ತದೆ. ಕ್ಯೂಪಿಎಸ್‌ಕೆಯಿಂದ 16 ಕ್ವಾಮ್‌ಗೆ ಹೋದರೆ ಬೇಕಾಗುವ ಸಿಗ್ನಲ್ ಮತ್ತು ಗದ್ದಲದ ಅನುಪಾತ ಸುಮಾರು 7 ಡಿಬಿ (ಡೆಸಿಬಲ್, ಅನುಪಾತಗಳನ್ನು ಅಳೆಯುವ ಮಾನ) ಏರುತ್ತದೆ. ಅತ್ತ, ಒಂದೇ ಬಗೆಯ ಸ್ಪ್ಯಾನ್‌ಗಳಿರುವ, ಅಂದರೆ ಬೆಳಕನ್ನು ಬಲಪಡಿಸುವ ಆಂಪ್ಲಿಫೈಯರುಗಳ ನಡುವಿನ ಫೈಬರಿನ ತುಂಡುಗಳು ಒಂದೇ ಬಗೆಯವಾಗಿರುವ, ಮಾರ್ಗದಲ್ಲಿ ದೂರ ಎರಡು ಪಟ್ಟಾದರೆ ಆ ಅನುಪಾತ 3 ಡಿಬಿ ಇಳಿಯುತ್ತದೆ. 7 ಡಿಬಿ ಎಂದರೆ ಐದು ಪಟ್ಟು. ಆದ್ದರಿಂದ ಹೊರೆಯನ್ನು ಎರಡು ಪಟ್ಟು ಮಾಡಿದರೆ ಸಾಗಬಹುದಾದ ದೂರ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕ್ಲಾಡ್ ಶ್ಯಾನನ್ 1948ರಲ್ಲಿ ಹಾಕಿಕೊಟ್ಟ ಗೆರೆಯೊಳಗೆ, ಅಂದರೆ ಗದ್ದಲದ ದಾರಿಯಲ್ಲಿ ತಪ್ಪಿಲ್ಲದೆ ಕಳಿಸಬಹುದಾದ ಬಿಟ್‌ಗಳ ಗರಿಷ್ಠ ಮಿತಿಯೊಳಗೆ, ಯಾವ ಕಂಪನಿಯ ಕಾರ್ಡಾದರೂ ಇರಲೇಬೇಕು. ಕಾರ್ಡಿನ ಜಾಣ್ಮೆ ಆ ಗೆರೆಗೆ ಎಷ್ಟು ಹತ್ತಿರ ಬರುತ್ತದೆ ಎಂಬುದರಲ್ಲಿದೆ, ಅದನ್ನು ದಾಟುವುದರಲ್ಲಿ ಅಲ್ಲ.

ಈ ಐದರಲ್ಲಿ ಒಂದು ಎಂಬ ಲೆಕ್ಕವೇ ಪ್ರಾದೇಶಿಕ ಜಾಲದ ವಿಶೇಷವನ್ನು ಹೇಳುತ್ತದೆ. ಕ್ಯೂಪಿಎಸ್‌ಕೆ ಎರಡು ಸಾವಿರ ಕಿಲೋಮೀಟರನ್ನೂ ದಾಟಬಲ್ಲದು. ಹಾಗಾದರೆ 16 ಕ್ವಾಮ್‌ಗೆ ಉಳಿಯುವುದು ಕೆಲವು ನೂರು ಕಿಲೋಮೀಟರ್. ನಗರದೊಳಗಿನ ಜಾಲದಲ್ಲಿ ಎಲ್ಲ ದಾರಿಗಳೂ ಈ ಮಿತಿಯ ಒಳಗೇ ಇರುತ್ತವೆ. ಅಲ್ಲಿ ಬದಲಿಸುವ ಅಗತ್ಯವೇ ಬರುವುದಿಲ್ಲ, ಸ್ಥಿರ ವೇಗದ ಅಗ್ಗದ ಕಾರ್ಡು ಸಾಕು. ಉದ್ಯಮದ ಒಕ್ಕೂಟವಾದ ಆಪ್ಟಿಕಲ್ ಇಂಟರ್‌ನೆಟ್‌ವರ್ಕಿಂಗ್ ಫೋರಂ 2020ರಲ್ಲಿ ಹೊರತಂದ 400 ಝಡ್‌ಆರ್ ಎಂಬ ತಾಂತ್ರಿಕ ಒಪ್ಪಂದ ಇಂತಹ ಜಾಗಕ್ಕೆಂದೇ ಮಾಡಿದ್ದು: 400 ಗಿಗಾಬಿಟ್, 16 ಕ್ವಾಮ್, 120 ಕಿಲೋಮೀಟರ್‌ವರೆಗೆ, ರೌಟರಿನ ಪೋರ್ಟಿಗೇ ಸಿಕ್ಕಿಸಬಹುದಾದಷ್ಟು ಚಿಕ್ಕದು. ಸಾವಿರಾರು ಕಿಲೋಮೀಟರಿನ ದೇಶವ್ಯಾಪಿ ದಾರಿಗಳಲ್ಲೋ ಬಹುತೇಕ ಎಲ್ಲವೂ ಕಡಿಮೆ ಹೊರೆಗೇ ಇಳಿಯುತ್ತವೆ. ಅಲ್ಲಿಯೂ ಆಯ್ಕೆಗೆ ಅವಕಾಶ ಕಡಿಮೆ. ನಡುವಿನದು ನಮ್ಮದು. ಮೈಸೂರನ್ನು ಕೇಂದ್ರವಾಗಿಟ್ಟು ನೋಡಿದರೆ ಚಾಮರಾಜನಗರ 60 ಕಿಲೋಮೀಟರ್, ಹಾಸನ 120, ಬೆಂಗಳೂರು 140, ಹುಬ್ಬಳ್ಳಿ ಅರಸೀಕೆರೆಯ ಮೂಲಕ 480, ಕಲಬುರಗಿ ಬೆಂಗಳೂರಿನ ಮೂಲಕ 750ರ ಆಸುಪಾಸು. ದೂರಗಳು ಒಂದಕ್ಕೊಂದು ಹತ್ತು ಪಟ್ಟಿಗೂ ಮೀರಿ ಬೇರೆಯಾಗಿರುವ ಜಾಲದಲ್ಲಿ, ಎಲ್ಲಕ್ಕೂ ಒಂದೇ ಹೊರೆ ಎಂಬ ನಿಯಮ ಅತಿ ಹೆಚ್ಚು ಪೋಲು ಮಾಡುತ್ತದೆ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಹೇಳುವ ಬೆಲೆಗಳು ಯಾವ ಕಂಪನಿಯ ಬೆಲೆಪಟ್ಟಿಯಿಂದಲೂ ತೆಗೆದವಲ್ಲ. ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಇಟ್ಟುಕೊಂಡ ಊಹೆಗಳು. 100 ಗಿಗಾಬಿಟ್‌ನ ಸ್ಥಿರ ಕಾರ್ಡಿನ ಬೆಲೆ 1 ಎನ್ನೋಣ. 100, 150, 200 ಮೂರಕ್ಕೂ ಒಗ್ಗುವ ಕಾರ್ಡಿನ ಬೆಲೆ 1.4 ಎನ್ನೋಣ. ಮೈಸೂರಿನಿಂದ ಬೆಂಗಳೂರಿಗೆ 800, ಹುಬ್ಬಳ್ಳಿಗೆ 300, ಕಲಬುರಗಿಗೆ 200 ಗಿಗಾಬಿಟ್ ಬೇಕು.

ಯಾವ ದಾರಿಯಲ್ಲಿ ಯಾವ ಹೊರೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅದಕ್ಕೆ ಎಲ್ಲ ಟ್ರಾನ್ಸ್‌ಮಿಷನ್ ಇಂಜಿನಿಯರುಗಳೂ ಬಾಯಿಪಾಠವಾಗಿ ಬಲ್ಲ ಸೂತ್ರವೊಂದಿದೆ: 58ಕ್ಕೆ ಪ್ರತಿ ಚಾನೆಲಿನ ಪವರನ್ನು ಕೂಡಿ, ಅದರಿಂದ ಒಂದು ಸ್ಪ್ಯಾನಿನ ನಷ್ಟ, ಆಂಪ್ಲಿಫೈಯರು ಸೇರಿಸುವ ಗದ್ದಲದ ಅಳತೆಯಾದ ನಾಯ್ಸ್ ಫಿಗರ್, ಮತ್ತು ಸ್ಪ್ಯಾನ್‌ಗಳ ಸಂಖ್ಯೆಯ ಲಾಗರಿಥಮಿನ ಹತ್ತು ಪಟ್ಟನ್ನು ಕಳೆದರೆ ಓಎಸ್‌ಎನ್‌ಆರ್, ಅಂದರೆ ಬೆಳಕಿನ ಸಿಗ್ನಲ್ ಮತ್ತು ಗದ್ದಲದ ಅನುಪಾತ, ಸಿಗುತ್ತದೆ. ಪವರ್ 0 ಡಿಬಿಎಂ (ಅಂದರೆ 1 ಮಿಲಿವ್ಯಾಟ್), ನಾಯ್ಸ್ ಫಿಗರ್ 5.5 ಎಂದುಕೊಳ್ಳಿ. ಬೆಂಗಳೂರಿಗೆ ಮದ್ದೂರಿನಲ್ಲಿ ಒಂದು ಆಂಪ್ಲಿಫೈಯರ್ ಇಟ್ಟರೆ ಎರಡು ಸ್ಪ್ಯಾನ್, ತಲಾ 20 ಡಿಬಿ ನಷ್ಟ, ಉತ್ತರ 29.5. ಹುಬ್ಬಳ್ಳಿಗೆ ಆರು ಸ್ಪ್ಯಾನ್, ತಲಾ 22 ಡಿಬಿ; ಉತ್ತರ 22.7. ಕಲಬುರಗಿಗೆ ಹತ್ತು ಸ್ಪ್ಯಾನ್, ತಲಾ 22 ಡಿಬಿ, ಉತ್ತರ 20.5. ಕಾರ್ಡಿಗೆ ಬೇಕಾಗಿರುವುದು 16 ಕ್ವಾಮ್‌ನಲ್ಲಿ 20, 8 ಕ್ವಾಮ್‌ನಲ್ಲಿ 17, ಕ್ಯೂಪಿಎಸ್‌ಕೆಯಲ್ಲಿ 13 ಎಂದಿಟ್ಟುಕೊಂಡು, ಅದರ ಮೇಲೆ 4 ಡಿಬಿ ಮಾರ್ಜಿನ್, ಅಂದರೆ ಮೀಸಲು, ಬಿಡುವುದು ಕ್ರಮ. ಆಗ ಬೆಂಗಳೂರಿಗೆ 16 ಕ್ವಾಮ್, ಹುಬ್ಬಳ್ಳಿಗೆ 8 ಕ್ವಾಮ್, ಕಲಬುರಗಿಗೆ ಕ್ಯೂಪಿಎಸ್‌ಕೆ ಎಂದಾಗುತ್ತದೆ.

ಎಲ್ಲವೂ ಸ್ಥಿರ ಕಾರ್ಡುಗಳಾದರೆ, ಒಂದೊಂದು ತುದಿಗೆ ಒಂದು ಕಾರ್ಡಿನಂತೆ, ಬೆಂಗಳೂರಿಗೆ ಎಂಟು ಜೋಡಿ, ಹುಬ್ಬಳ್ಳಿಗೆ ಮೂರು, ಕಲಬುರಗಿಗೆ ಎರಡು. ಒಟ್ಟು 26 ಕಾರ್ಡು, ಬೆಲೆ 26. ಎಲ್ಲವೂ ಫ್ಲೆಕ್ಸಿಬಲ್ ಆದರೆ ಬೆಂಗಳೂರಿಗೆ ನಾಲ್ಕು ಜೋಡಿ, ಹುಬ್ಬಳ್ಳಿಗೆ ಎರಡು, ಕಲಬುರಗಿಗೆ ಎರಡು. ಒಟ್ಟು 16 ಕಾರ್ಡು, ಬೆಲೆ 22.4. ಸುಮಾರು ಶೇಕಡ 14ರಷ್ಟು ಉಳಿತಾಯ. ಇಲ್ಲಿಗೆ ನಿಲ್ಲಿಸಿದರೆ ಮಾರಾಟಗಾರನ ಸ್ಲೈಡು ಮುಗಿಯುತ್ತದೆ. ನಾವು ಮುಂದೆ ಹೋಗಬೇಕು, ಏಕೆಂದರೆ ಕಲಬುರಗಿಯ ದಾರಿಯನ್ನಷ್ಟೇ ನೋಡಿದರೆ ಫ್ಲೆಕ್ಸಿಬಲ್ ಕಾರ್ಡಿಗೆ 5.6 ಕೊಟ್ಟು 4ಕ್ಕೆ ಸಿಗುತ್ತಿದ್ದುದನ್ನೇ ಕೊಂಡಿದ್ದೇವೆ. ಅಲ್ಲಿ ಸ್ಥಿರ ಕಾರ್ಡು ಹಾಕಿ, ಉಳಿದ ಎರಡು ದಾರಿಗೆ ಫ್ಲೆಕ್ಸಿಬಲ್ ಹಾಕಿದರೆ ಒಟ್ಟು 20.8. ಮಿಶ್ರ ಬಳಕೆ ಇನ್ನೂ ಅಗ್ಗ.

ಬಿಡಿ ಕಾರ್ಡುಗಳನ್ನು, ಅಂದರೆ ಸ್ಪೇರ್‌ಗಳನ್ನು, ಸೇರಿಸಿ ನೋಡಿ. ಪ್ರತಿ ಊರಿನಲ್ಲೂ ಬಳಕೆಯಲ್ಲಿರುವ ಪ್ರತಿ ಬಗೆಯ ಕಾರ್ಡಿಗೆ ಒಂದು ಸ್ಪೇರ್ ಇರಬೇಕೆಂದುಕೊಂಡರೆ, ಸ್ಥಿರ ಜಾಲ 30ಕ್ಕೆ, ಫ್ಲೆಕ್ಸಿಬಲ್ ಜಾಲ 28ಕ್ಕೆ, ಮಿಶ್ರ ಜಾಲ 27ಕ್ಕೆ ಬಂದು ನಿಲ್ಲುತ್ತವೆ. ಮಿಶ್ರ ಜಾಲದ ಮುನ್ನಡೆ 1.6ರಿಂದ 1ಕ್ಕೆ ಇಳಿಯಿತು, ಆದರೆ ಹೋಗಲಿಲ್ಲ. ಮೊದಲ ದಿನದ ಲೆಕ್ಕದಲ್ಲಿ ಮಿಶ್ರ ಬಳಕೆಯೇ ಗೆಲ್ಲುತ್ತದೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಖರೀದಿ ಸಮಿತಿಯ ಮುಂದೆ ಮೊದಲ ದಿನದ ಬೆಲೆಯನ್ನಷ್ಟೇ ಇಟ್ಟುಕೊಂಡು ಎಲ್ಲ ಕಡೆಗೂ ಫ್ಲೆಕ್ಸಿಬಲ್ ಕಾರ್ಡೇ ಬೇಕೆಂದು ವಾದಿಸಿದವರು, ಎದುರಿನವರು ಇದೇ ಲೆಕ್ಕ ಬಿಡಿಸಿ ತೋರಿಸಿದಾಗ ಮಾತಿಲ್ಲದೆ ಕುಳಿತದ್ದನ್ನು ನೋಡಿದ್ದೇನೆ. ಹಾಗೆ ವಾದಿಸಿದವರ ತೀರ್ಮಾನ ಸರಿಯಿತ್ತು, ಕೊಟ್ಟ ಕಾರಣ ತಪ್ಪಾಗಿತ್ತು.

ನಿಜವಾದ ಕಾರಣ ಆ 4 ಡಿಬಿ ಮಾರ್ಜಿನ್‌ನಲ್ಲಿದೆ. ಅದು ಏಕೆ ಬೇಕು? ಸ್ವಲ್ಪ ಭಾಗ ಫೈಬರಿನೊಳಗೆ ಚಾನೆಲ್‌ಗಳು ಒಂದನ್ನೊಂದು ಕೆಡಿಸುವುದಕ್ಕೆ, ಸ್ವಲ್ಪ ಭಾಗ ದಾರಿಯ ಫಿಲ್ಟರುಗಳಿಗೆ. ಇವು ಇಂದೇ ಇವೆ. ಉಳಿದದ್ದು ನಾಳೆಗೆ ಎತ್ತಿಟ್ಟದ್ದು: ಆಂಪ್ಲಿಫೈಯರುಗಳು ಹಳತಾಗುತ್ತವೆ, ಮತ್ತು ಅದಕ್ಕಿಂತ ಹೆಚ್ಚಾಗಿ, ಕೇಬಲ್ ಕಡಿದುಹೋಗುತ್ತದೆ.

ಇದನ್ನು ಕಣ್ಣೆದುರು ಕಂಡ ಒಂದು ರಾತ್ರಿಯ ಬಗ್ಗೆ ಹೇಳುತ್ತೇನೆ. ಮದ್ದೂರಿನ ಹತ್ತಿರ, ಶಿಂಷಾ ಹೊಳೆಗೆ ಸ್ವಲ್ಪ ಈಚೆ, ಜೆಸಿಬಿಯ ಹಲ್ಲಿಗೆ ಸಿಕ್ಕು ಕೇಬಲ್ ಕಡಿದಿತ್ತು. ನಾವು ತಲುಪುವ ಹೊತ್ತಿಗೆ ಹತ್ತೂವರೆ. ಗುಂಡಿಯೊಳಗೆ ಕೆಸರು ನೀರು. ಕೇಬಲ್ಲಿನಲ್ಲಿ ಎಳೆದುಕೊಳ್ಳುವಷ್ಟು ಸಡಿಲವಿರಲಿಲ್ಲ. ಹಾಗಾಗಿ ಹನ್ನೆರಡು ಮೀಟರ್ ಹೊಸ ತುಂಡು ಸೇರಿಸಬೇಕಾಯಿತು, ಅಂದರೆ ಒಂದು ಕಡಿತಕ್ಕೆ ಎರಡು ಜಾಯಿಂಟ್. ವ್ಯಾನಿನ ಹಿಂಬದಿಯಲ್ಲಿ ಕುಳಿತ ಸ್ಪ್ಲೈಸರ್, ಅಂದರೆ ಫೈಬರ್ ಬೆಸೆಯುವವರು, ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣದ ಕ್ರಮದಲ್ಲಿ ಒಂದೊಂದೇ ಎಳೆ ತೆಗೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ತುದಿ ಕತ್ತರಿಸಿ, ಯಂತ್ರದ ಹಳ್ಳದಲ್ಲಿ ಮಲಗಿಸುತ್ತಿದ್ದರು. ಒಂದು ಎಳೆಯ ದಪ್ಪ 125 ಮೈಕ್ರಾನ್, ತಲೆಗೂದಲಿಗಿಂತ ಸ್ವಲ್ಪ ಹೆಚ್ಚು. ಪರದೆಯ ಮೇಲೆ ಎರಡು ಬೂದು ಕಂಬಗಳು ಎದುರುಬದುರಾಗಿ ಬಂದು, ಒಂದು ಕಿಡಿಯಲ್ಲಿ ಬೆಸೆದು, ಕೆಳಗೆ 0.02 ಡಿಬಿ ಎಂದು ಬೀಳುತ್ತಿತ್ತು. ಒಂಬತ್ತನೆಯ ಎಳೆಗೆ 0.11 ಬಂತು. ಅವರು ಅದನ್ನು ಮುರಿದು ಮತ್ತೆ ಮಾಡಿದರು, 0.09. ಮತ್ತೆ ಮಾಡೋಣವೇ ಎಂಬಂತೆ ನನ್ನ ಮುಖ ನೋಡಿದರು. ಮಳೆ ಶುರುವಾಗಿತ್ತು, ಫೋನ್ ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಇರಲಿ ಬಿಡಿ ಎಂದೆ.

ಆ 0.09 ಈಗಲೂ ಅಲ್ಲೇ ಇದೆ. ಒಂದು ಸ್ಪ್ಯಾನಿನಲ್ಲಿ ಕೆಲವು ವರ್ಷಗಳಲ್ಲಿ ಹತ್ತು ಕಡಿತಗಳಾದರೆ ಇಪ್ಪತ್ತು ಜಾಯಿಂಟ್. ಒಂದೊಂದು ಸರಾಸರಿ 0.05ರಿಂದ 0.1 ಎಂದರೆ ಸ್ಪ್ಯಾನಿನ ನಷ್ಟ 1ರಿಂದ 2 ಡಿಬಿ ಏರಿತು. ರಸ್ತೆ ಅಗಲವಾದಷ್ಟೂ, ಒಳಚರಂಡಿ ಬಂದಷ್ಟೂ, ಕುಡಿಯುವ ನೀರಿನ ಕೊಳವೆ ಬಂದಷ್ಟೂ ನಮ್ಮ ಮಾರ್ಜಿನ್ ಹೀಗೆ ಚೂರುಚೂರಾಗಿ ಸವೆಯುತ್ತದೆ. ಸ್ಥಿರ ವೇಗದ ಕಾರ್ಡು ಕೊಳ್ಳುವವರು ಈ ಸವೆತವನ್ನೆಲ್ಲ ಮೊದಲ ದಿನವೇ ಊಹಿಸಿ, ಹತ್ತು ಹನ್ನೆರಡು ವರ್ಷಗಳ ನಂತರದ ಕೇಬಲ್ಲಿಗೆ ತಕ್ಕ ಹೊರೆಯನ್ನು ಇಂದಿನ ಕೇಬಲ್ಲಿಗೆ ಹೇರಬೇಕು. ಬೇರೆ ದಾರಿಯೇ ಅವರಿಗಿಲ್ಲ. ಹೊರೆ ಬದಲಿಸಬಲ್ಲವರು ಇಂದಿನ ಕೇಬಲ್ಲಿಗೆ ಇಂದಿನ ಹೊರೆ ಹೇರಬಹುದು.

ಕಲಬುರಗಿಯ ದಾರಿಗೆ ಮತ್ತೆ ಬನ್ನಿ. 8 ಕ್ವಾಮ್ ಹಾಕಿದರೆ ಅಲ್ಲಿ ಉಳಿಯುವ ಮಾರ್ಜಿನ್ 3.5 ಡಿಬಿ, 4ಕ್ಕಿಂತ ಕಡಿಮೆಯಾದ್ದರಿಂದ ಕೈಬಿಟ್ಟೆವು. ಆದರೆ ಆ 4ರಲ್ಲಿ 2 ಡಿಬಿ ಮುಂದಿನ ಸವೆತಕ್ಕೆಂದು ಇಟ್ಟದ್ದಾದರೆ, ಇಂದು ನಿಜವಾಗಿ ಬೇಕಾಗಿರುವುದು 2 ಮಾತ್ರ, ಇರುವುದು 3.5. ಆದ್ದರಿಂದ ಅದೇ ಎರಡು ಜೋಡಿ ಕಾರ್ಡುಗಳು ಇಂದು 200ರ ಬದಲು 300 ಗಿಗಾಬಿಟ್ ಹೊರುತ್ತವೆ. ಸ್ಥಿರ ಕಾರ್ಡಿನಲ್ಲಿ ಆ ಮೂರನೆಯ 100ಕ್ಕೆ ಇನ್ನೊಂದು ಜೋಡಿ ಬೇಕಾಗುತ್ತಿತ್ತು. ಆಗ ಅಲ್ಲಿಯ ಬೆಲೆ 4ರಿಂದ 6ಕ್ಕೆ ಏರಿ, 5.6ರ ಫ್ಲೆಕ್ಸಿಬಲ್ ಜೋಡಿಗಳೇ ಅಗ್ಗವಾಗುತ್ತವೆ. ನಷ್ಟವೆಂದು ಕಂಡ ದಾರಿಯೇ ಲಾಭಕ್ಕೆ ತಿರುಗಿತು. ಬೆಳೆಯುವ ಟ್ರಾಫಿಕ್ಕಿಗೆ ಹೊಸ ಕಾರ್ಡು ಕೊಳ್ಳುವುದು ಮೂರು ವರ್ಷ ಮುಂದಕ್ಕೆ ಹೋದರೆ, ಶೇಕಡ 10ರ ಬಡ್ಡಿಯ ಲೆಕ್ಕದಲ್ಲಿ, ಅಂದು ಕೊಡುವ 100 ರೂಪಾಯಿ ಇಂದಿನ 75 ರೂಪಾಯಿಗೆ ಸಮ. ಪ್ರತಿ ಬಿಟ್ಟಿನ ಬೆಲೆ ಇಳಿಯುತ್ತಲೇ ಬಂದಿರುವ ಈ ಉದ್ಯಮದಲ್ಲಿ ತಡವಾಗಿ ಕೊಳ್ಳುವುದರ ಲಾಭ ಇದಕ್ಕಿಂತಲೂ ಹೆಚ್ಚು.

ಒಂದು ಎಚ್ಚರಿಕೆ. ಸವೆತ ಬಂದಾಗ ಆ ದಾರಿ 300ರಿಂದ 200ಕ್ಕೆ ಇಳಿಯಬೇಕಾಗುತ್ತದೆ. ಗ್ರಾಹಕರಿಗೆ 300 ಎಂದು ಬರೆದುಕೊಟ್ಟಿದ್ದರೆ ಅಂದು ಏನು ಉತ್ತರ ಕೊಡುತ್ತೀರಿ? ಮಾರ್ಜಿನ್ನಿನಿಂದ ಸಿಕ್ಕ ಹೆಚ್ಚುವರಿಯನ್ನು ಎರವಲು ಎಂದೇ ತಿಳಿದು, ಇಳಿಸುವ ಹೊತ್ತಿಗೆ ಬದಲಿ ಕಾರ್ಡು ಕೊಳ್ಳಲು ಹಣ ಎತ್ತಿಡುವ ಶಿಸ್ತು ಇದ್ದರೆ ಮಾತ್ರ ಈ ಉಳಿತಾಯ ಉಳಿತಾಯ. ಪ್ರತಿ ತಿಂಗಳೂ ಕಾರ್ಡು ತಾನೇ ಅಳೆದು ಹೇಳುವ ದೋಷಪ್ರಮಾಣವನ್ನು ಯಾರಾದರೂ ಕುಳಿತು ನೋಡಬೇಕು. ಆ ಯಾರಾದರೂ ಎಂಬವರ ಸಂಬಳವೂ ಖರ್ಚಿನ ಲೆಕ್ಕದಲ್ಲಿ ಬರಬೇಕು.

ಎರಡನೆಯ ದೊಡ್ಡ ಉಳಿತಾಯ ರಿಂಗ್‌ನಲ್ಲಿ, ಅಂದರೆ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಹೋಗಬಹುದಾದ ಉಂಗುರದಂಥ ಜಾಲದಲ್ಲಿ, ಸಿಗುತ್ತದೆ. ಆ ಮದ್ದೂರಿನ ರಾತ್ರಿಯೇ ಅದಕ್ಕೂ ಉದಾಹರಣೆ. ಆ ಜಾಲ ಯಾರದೆಂಬುದು ಇಲ್ಲಿ ಬೇಡ. ಬೆಂಗಳೂರಿನ ನೇರ ದಾರಿ ಕಡಿದರೆ ಬೆಳಕು ಹಾಸನದ ಮೂಲಕ ಸುತ್ತಿ ಹೋಗುವಂತೆ ಏರ್ಪಾಡಿತ್ತು. 140 ಕಿಲೋಮೀಟರಿನ ಬದಲು 300. ಆ ಕಡೆಯ ಕೇಬಲ್ ಹಳೆಯದು, ನಾಲ್ಕು ಸ್ಪ್ಯಾನ್, ತಲಾ 26 ಡಿಬಿ. ಹಿಂದಿನ ಸೂತ್ರದಲ್ಲಿ ಹಾಕಿ ನೋಡಿದರೆ ಉತ್ತರ 20.5, 16 ಕ್ವಾಮ್‌ಗೆ ಉಳಿಯುವುದು ಅರ್ಧ ಡಿಬಿ. ನೇರ ದಾರಿಗೆಂದು ಕೊಂಡ 200 ಗಿಗಾಬಿಟ್‌ನ ಸ್ಥಿರ ಕಾರ್ಡುಗಳಲ್ಲಿ ಒಂದೂ ಸುತ್ತುದಾರಿಯಲ್ಲಿ ಏಳಲಿಲ್ಲ. ಹಳೆಯ 100 ಗಿಗಾಬಿಟ್ ಕಾರ್ಡುಗಳು ಮಾತ್ರ ಎದ್ದವು. ಸ್ಪ್ಲೈಸರ್ ಒಂಬತ್ತನೆಯ ಎಳೆ ಹಿಡಿದಿದ್ದಾಗ ನನ್ನ ಫೋನ್ ಬಡಿದುಕೊಳ್ಳುತ್ತಿದ್ದುದು ಅದಕ್ಕೇ. ಆ 200ರ ಕಾರ್ಡು 100ಕ್ಕೆ ಇಳಿಯಬಲ್ಲದ್ದಾಗಿದ್ದರೆ ಅರ್ಧ ಟ್ರಾಫಿಕ್ಕಾದರೂ ಆ ರಾತ್ರಿ ಹರಿಯುತ್ತಿತ್ತು. ಸುತ್ತುದಾರಿಗೆ ತಕ್ಕಂತೆ ಎಲ್ಲವನ್ನೂ 100ಕ್ಕೇ ಕಟ್ಟಿಡುವುದು ಒಂದು ಪರಿಹಾರ, ಹಾಸನದಲ್ಲಿ ರೀಜನರೇಟರ್ ಇಡುವುದು ಇನ್ನೊಂದು. ರೀಜನರೇಟರ್ ಎಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಟ್ರಾನ್ಸ್‌ಪಾಂಡರ್. ವರ್ಷದಲ್ಲಿ ಕೆಲವೇ ಗಂಟೆ ಬಳಸುವ ದಾರಿಗೆ ಎರಡು ಕಾರ್ಡು, ಅವುಗಳ ವಿದ್ಯುತ್ತು, ಏಸಿ. ವರ್ಷವಿಡೀ ಪೂರ್ಣ ಹೊರೆ, ಕಡಿತದ ದಿನ ಅರ್ಧ ಹೊರೆ ಎಂಬ ಏರ್ಪಾಡನ್ನು ಫ್ಲೆಕ್ಸಿಬಲ್ ಕಾರ್ಡು ಮಾತ್ರ ಕೊಡಬಲ್ಲದು. ನಮ್ಮಂತಹ ಜಾಲಗಳಿಗೆ ನನ್ನ ಎಣಿಕೆಯಲ್ಲಿ ಇದೇ ಅತಿ ಬೆಲೆಬಾಳುವ ಗುಣ.

ವಿದ್ಯುತ್ತಿನ ಮಾತು ಬಂತು. ಒಂದು ಕಾರ್ಡು 100 ವ್ಯಾಟ್ ತಿಂದರೆ ವರ್ಷಕ್ಕೆ 876 ಯೂನಿಟ್. ತಂಪು ಮಾಡುವ ಖರ್ಚು ಬೇರೆ. ಮೇಲಿನ ಲೆಕ್ಕದಲ್ಲಿ 26 ಕಾರ್ಡಿನ ಜಾಗದಲ್ಲಿ 16 ಬಂದದ್ದನ್ನು ನೆನಪಿಡಿ. ಹೆಚ್ಚು ಹೊರೆ ಹೊರುವಾಗ ಕಾರ್ಡಿನ ಬಳಕೆ ಸ್ವಲ್ಪ ಏರುತ್ತದೆ, ಆದರೆ ಎರಡು ಪಟ್ಟಾಗುವುದಿಲ್ಲ.

ಸ್ಪೆಕ್ಟ್ರಮ್, ಅಂದರೆ ಫೈಬರಿನಲ್ಲಿ ಬಳಸಲು ಸಿಗುವ ತರಂಗಾಂತರಗಳ ಹರವು, ಅದರ ಉಳಿತಾಯದ ಬಗ್ಗೆ ನಾನು ಇಷ್ಟು ಹೊತ್ತು ಮಾತೆತ್ತಲಿಲ್ಲ, ಬೇಕೆಂದೇ ಎತ್ತಲಿಲ್ಲ. ಪ್ರಬಂಧಗಳಲ್ಲಿ ಮೊದಲು ಬರುವುದು ಅದೇ. ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿಯ ಸಂಶೋಧಕರು 2008–09ರಲ್ಲಿ ಎಲಾಸ್ಟಿಕ್ ಆಪ್ಟಿಕಲ್ ಜಾಲದ ಕಲ್ಪನೆಯನ್ನು ಮುಂದಿಟ್ಟಾಗ ಸ್ಪೆಕ್ಟ್ರಮ್ಮಿನ ಸದುಪಯೋಗವೇ ಮುಖ್ಯ ವಾದವಾಗಿತ್ತು. 2012ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುನ ಜಿ.694.1 ಶಿಫಾರಸು, 50 ಅಥವಾ 100 ಗಿಗಾಹರ್ಟ್ಸ್‌ನ ಸ್ಥಿರ ಕಿಂಡಿಗಳ ಜೊತೆಗೆ, 12.5ರ ಗುಣಕದಲ್ಲಿ ಅಗಲ ಬದಲಿಸಬಹುದಾದ ಫ್ಲೆಕ್ಸಿಬಲ್ ಗ್ರಿಡ್ಡನ್ನೂ ಒಪ್ಪಿಕೊಂಡಿತು. ಈ ಜಾಲಗಳು ಸಾಮಾನ್ಯವಾಗಿ ಬಳಸುವ ಸಿ ಬ್ಯಾಂಡಿನ 4.8 ಟೆರಾಹರ್ಟ್ಸ್‌ನಲ್ಲಿ 50ರ ಕಿಂಡಿಗಳು 96. ಒಂದೊಂದರಲ್ಲಿ 100 ಗಿಗಾಬಿಟ್ ಎಂದರೆ 9.6 ಟೆರಾಬಿಟ್. 75ರ ಕಿಂಡಿಗಳು 64. ಒಂದೊಂದರಲ್ಲಿ 400 ಎಂದರೆ 25.6 ಟೆರಾಬಿಟ್. ಸಾಗರದಡಿಯ ಕೇಬಲ್ಲಿನಲ್ಲಿ, ಬೆಂಗಳೂರು–ಚೆನ್ನೈ ನಡುವಿನಂತಹ ಕಿಕ್ಕಿರಿದ ದಾರಿಯಲ್ಲಿ ಈ ವ್ಯತ್ಯಾಸ ಚಿನ್ನದಂಥದ್ದು. ಆದರೆ 96 ಕಿಂಡಿಗಳಲ್ಲಿ ಹತ್ತು ಹದಿನೈದನ್ನಷ್ಟೇ ಬಳಸುವ ದಾರಿಯಲ್ಲಿ, ಪಕ್ಕದ ಫೈಬರ್ ಎಳೆಗಳು ಬಳಕೆಯಿಲ್ಲದೆ ಕತ್ತಲೆಯಲ್ಲಿ ಮಲಗಿರುವಾಗ, ಉಳಿದ ಸ್ಪೆಕ್ಟ್ರಮ್ಮಿಗೆ ಬೆಲೆ ಕಟ್ಟುವುದು ಬಾವಿಯಲ್ಲಿ ನೀರಿರುವಾಗ ಒಂದು ಕೊಡ ನೀರಿಗೆ ಬೆಲೆ ಕಟ್ಟಿದಂತೆ. ನಮ್ಮ ಲೆಕ್ಕದಲ್ಲಿ ಕಾರ್ಡಿನ ಎಣಿಕೆ ಮೊದಲು ಬರಲಿ, ಸ್ಪೆಕ್ಟ್ರಮ್ ಆಮೇಲೆ.

ಇನ್ನು ಬೆಲೆ ಏಕೆ 1.4, ಏಕೆ 2 ಅಲ್ಲ ಎಂಬುದು. ಕಾರ್ಡಿನೊಳಗೆ ಇರುವುದು ಒಂದು ಲೇಸರ್, ಮಾಡ್ಯುಲೇಟರ್, ರಿಸೀವರ್ ಮತ್ತು ಸಂಕೇತ ಸಂಸ್ಕರಣೆಯ ಚಿಪ್. ಮೊದಲ ತಲೆಮಾರಿನ ಕ್ಯೂಪಿಎಸ್‌ಕೆ ಕಾರ್ಡಿಗೆ ಕಳಿಸುವ ಬದಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಪರಿವರ್ತಕ ಬೇಕಿರಲಿಲ್ಲ. 16 ಕ್ವಾಮ್‌ಗೆ ಬೇಕು. ಅದು ಒಮ್ಮೆ ಒಳಗೆ ಬಂದ ಮೇಲೆ, ಯಾವ ಮಾಡ್ಯುಲೇಷನ್ ಎಂಬುದು ಸಾಫ್ಟ್‌ವೇರಿನ ಒಂದು ಆಯ್ಕೆ. ಆದ್ದರಿಂದ ಹೆಚ್ಚಿನ ಬೆಲೆಯ ದೊಡ್ಡ ಪಾಲು ಚಿಪ್ಪನ್ನು ರೂಪಿಸಿದ ಖರ್ಚಿನದು, ಸಂಖ್ಯೆ ಹೆಚ್ಚಿದಂತೆ ಅದು ಕರಗುತ್ತದೆ. ಆದರೆ ಈ ಕಾರಣಕ್ಕೇ ಮಾರುವವರು ವೇಗಕ್ಕೆ ಲೈಸೆನ್ಸ್ ಇಟ್ಟಿದ್ದಾರೆ: ಕಾರ್ಡು ಕೈಯಲ್ಲಿದ್ದರೂ 200ಕ್ಕೆ ಏರಿಸಲು ಮತ್ತೆ ಹಣ. ಬೆಳೆದಂತೆ ಕೊಡುವುದಾದರೆ ಅದು ತಪ್ಪಲ್ಲ. ಆದರೆ ಲೈಸೆನ್ಸ್ ಒಂದು ಕಾರ್ಡಿಗೆ ಅಂಟಿಕೊಂಡಿದೆಯೋ, ಇಡೀ ಜಾಲದಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದೋ ಎಂಬ ಒಂದು ಷರತ್ತು ನಮ್ಮ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಟೆಂಡರಿನಲ್ಲಿ ಈ ಸಾಲನ್ನು ಹುಡುಕಿ ಓದಿ.

ರೌಟರಿನ ಪೋರ್ಟುಗಳ ವಿಷಯದಲ್ಲೂ ನಾವು ತಪ್ಪುತ್ತೇವೆ. 200ರ ಒಂದು ತರಂಗಾಂತರ ಬಂದ ಮಾತ್ರಕ್ಕೆ ರೌಟರಿನಲ್ಲಿ 100ರ ಎರಡು ಪೋರ್ಟು ಒಂದಾಗುವುದಿಲ್ಲ. 150ರ ಕಾರ್ಡಿಗಂತೂ 100ರ ಪೋರ್ಟು ಒಂದೂವರೆ ಬೇಕು. ಎರಡು ಕಾರ್ಡನ್ನು ಜೋಡಿಯಾಗಿ ಬೆಸೆದು ಮೂರು ಪೋರ್ಟು ಹಂಚಬೇಕು. ಜೋಡಿಯಲ್ಲಿ ಒಂದು ಬಿದ್ದರೆ ಮೂರಕ್ಕೂ ಪೆಟ್ಟು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಅಧ್ಯಾಪಕರು, ರೌಟರಿಗೇ ಸಿಕ್ಕಿಸುವ ಚಿಕ್ಕ ಮಾಡ್ಯೂಲುಗಳು ಬಂದಿರುವಾಗ ಈ ಇಡೀ ಚರ್ಚೆ ಹಳತಾಯಿತಲ್ಲವೇ ಎಂದು ಕೇಳಿದರು. ಚರ್ಚೆ ಹಳತಾಗಿಲ್ಲ, ಜಾಗ ಬದಲಿಸಿದೆ. 400 ಝಡ್‌ಆರ್ ಒಂದೇ ವೇಗದ್ದು. ಅದು ಮಂಡ್ಯಕ್ಕೆ, ಚಾಮರಾಜನಗರಕ್ಕೆ ಚೆನ್ನಾಗಿ ಒಗ್ಗುತ್ತದೆ. 2020ರಲ್ಲೇ ಬಂದ ಓಪನ್ ಝಡ್‌ಆರ್ ಪ್ಲಸ್ ಎಂಬ ಇನ್ನೊಂದು ಒಪ್ಪಂದ ಮಾತ್ರ 100, 200, 300, 400 ಎಂದು ನಾಲ್ಕು ಹೊರೆಗಳನ್ನು ಒಪ್ಪಿಕೊಂಡಿತು, ದೂರದ ದಾರಿಗೂ ಹೋಗುತ್ತದೆ. ಅಂದರೆ ಚಿಕ್ಕದಾದ ಮಾಡ್ಯೂಲಿಗೂ ಕೊನೆಗೆ ಹೊರೆ ಬದಲಿಸುವ ಗುಣವೇ ಬೇಕಾಯಿತು. ಆದರೆ 400ರಲ್ಲಿ ಇವು ಸುಮಾರು 60 ಗಿಗಾಬಾಡ್ ವೇಗದಲ್ಲಿ ಓಡುವುದರಿಂದ 50 ಗಿಗಾಹರ್ಟ್ಸ್‌ನ ಹಳೆಯ ಫಿಲ್ಟರುಗಳಲ್ಲಿ ತೂರುವುದಿಲ್ಲ. ದಾರಿಯಲ್ಲಿ ಹಳೆಯ ರೋಡಂ, ಅಂದರೆ ತರಂಗಾಂತರಗಳನ್ನು ಊರೂರಲ್ಲಿ ಇಳಿಸಿ ಏರಿಸುವ ಸಾಧನ, ಇದ್ದರೆ ಮೊದಲು ಅದನ್ನು ಬದಲಿಸಬೇಕು, ಆ ಖರ್ಚು ಕಾರ್ಡುಗಳ ಉಳಿತಾಯವನ್ನು ನುಂಗಬಹುದು. ಅಂತಹ ಜಾಲದವರು 32 ಗಿಗಾಬಾಡಿನ ಫ್ಲೆಕ್ಸಿಬಲ್ ಕಾರ್ಡುಗಳಲ್ಲೇ ಇನ್ನು ಕೆಲವು ವರ್ಷ ನಡೆಸುವುದು ಜಾಣತನ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಪ್ರಶ್ನೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರದು: ಇಂತಹ ಜಾಲವೊಂದರ ಖರೀದಿಯ ಹೊಣೆ ನಾಳೆ ನಿಮ್ಮ ಮೇಲೆ ಬಿದ್ದರೆ ಮೊದಲು ಏನು ಮಾಡುತ್ತೀರಿ? ಬೆಲೆ ಕೇಳುವ ಮೊದಲು ಪ್ರತಿ ಸ್ಪ್ಯಾನಿನ ನಷ್ಟವನ್ನು ಓಟಿಡಿಆರ್, ಅಂದರೆ ಬೆಳಕು ಬಿಟ್ಟು ಮರಳಿದ್ದನ್ನು ನೋಡಿ ನಷ್ಟ ಅಳೆಯುವ ಯಂತ್ರ, ಹಿಡಿದು ಎರಡೂ ತುದಿಯಿಂದ ಅಳೆಸುತ್ತೇನೆ ಎಂದೆ. ಮೈಸೂರು–ಮಂಡ್ಯ ನಡುವಿನ 45 ಕಿಲೋಮೀಟರಿಗೆ, ಕಿಲೋಮೀಟರಿಗೆ 0.22ರಂತೆ, 10 ಡಿಬಿಗೆ ತುಸು ಕಡಿಮೆ ಬರಬೇಕು. ಅಳೆದಾಗ 13 ಬಂದರೆ ಆ 3 ಡಿಬಿ ಎಲ್ಲೆಲ್ಲಿ ಹೋಗಿದೆ ಎಂದು ಜಾಯಿಂಟ್ ಜಾಯಿಂಟೂ ಹುಡುಕಬೇಕು. ಶ್ರೀರಂಗಪಟ್ಟಣದ ಸೇತುವೆಯ ಹತ್ತಿರದ ಎರಡು ಕೆಟ್ಟ ಜಾಯಿಂಟ್ ಬಿಚ್ಚಿ ಮತ್ತೆ ಬೆಸೆದರೆ 1 ಡಿಬಿ ವಾಪಸು ಬರಬಹುದು, ಅದಕ್ಕೆ ತಗಲುವುದು ಒಂದು ರಾತ್ರಿಯ ವ್ಯಾನ್ ಬಾಡಿಗೆ ಮತ್ತು ನಾಲ್ವರ ಕೂಲಿ. ಅದೇ 1 ಡಿಬಿಯನ್ನು ಕಾರ್ಡಿನಲ್ಲಿ ಕೊಳ್ಳಹೊರಟರೆ ಮುಂದಿನ ತಲೆಮಾರಿನ ಚಿಪ್ಪಿಗೆ ಕಾಯಬೇಕು. ಆ ಪಟ್ಟಿ ಕೈಗೆ ಬಂದ ಮೇಲೆ, ಪ್ರತಿ ದಾರಿಗೂ ಅದರ ಸುತ್ತುದಾರಿಗೂ ಸೂತ್ರ ಹಾಕಿ, ಯಾವುದು 16 ಕ್ವಾಮ್, ಯಾವುದು 8, ಯಾವುದು ಕ್ಯೂಪಿಎಸ್‌ಕೆ ಎಂದು ಬರೆದುಕೊಳ್ಳುತ್ತೇನೆ. ಎಲ್ಲ ದಾರಿಗಳ ಮುಂದೆಯೂ ಒಂದೇ ಉತ್ತರ ಬಂದರೆ ಸ್ಥಿರ ಕಾರ್ಡುಗಳನ್ನೇ ಕೊಳ್ಳುತ್ತೇನೆ. ಬೇರೆ ಬೇರೆ ಬಂದರೆ, ಮತ್ತು ನೇರ ದಾರಿಗೆ ಒಂದು ಉತ್ತರ, ಸುತ್ತುದಾರಿಗೆ ಇನ್ನೊಂದು ಬಂದರೆ, ಆಗ ಫ್ಲೆಕ್ಸಿಬಲ್ ಕಾರ್ಡಿನ ಬೆಲೆ ಕೇಳಲು ಹೊರಡುತ್ತೇನೆ.